ಷರತ್ತು ವ್ಯಾಲಿಡೇಟರ್ ಬರೆಯುವುದು, ಪರೀಕ್ಷಿಸುವುದು: ಟೆರಾಫಾರ್ಮ್ ಪ್ರೊವೈಡರ್ ಕಟ್ಟುವವರಿಗೆ ಸಮಗ್ರ ಮಾರ್ಗದರ್ಶಿ

ಉತ್ತರ ಕನ್ನಡದ ಮಳೆ, ಹೊಳೆ ಮತ್ತು ಸಮುದ್ರದ ಉಬ್ಬರ ಅಳೆಯುವ ಉಪಕರಣಗಳ ಜಾಲವೊಂದನ್ನು ಟೆರಾಫಾರ್ಮ್‌ನಿಂದ, ಅಂದರೆ ಬೇಕಾದ್ದನ್ನು ಫೈಲಿನಲ್ಲಿ ಬರೆದುಕೊಟ್ಟರೆ ಹಾಗೆಯೇ ಕಟ್ಟಿಕೊಡುವ ಸಾಧನದಿಂದ, ನಿರ್ವಹಿಸಬೇಕಿದೆ ಎಂದುಕೊಳ್ಳಿ. ಟೆರಾಫಾರ್ಮ್ ಮತ್ತು ಉಪಕರಣಗಳ ಸರ್ವರ್ ನಡುವೆ ಮಾತಾಡುವ ಪ್ಲಗಿನ್ನೇ ಪ್ರೊವೈಡರ್. ಕಾರವಾರ, ಅಂಕೋಲಾ, ಕುಮಟಾ ಪೇಟೆಗಳಲ್ಲಿ ಮೊಬೈಲ್ ಟವರ್ ಇದೆ, ಅಲ್ಲಿನ ಕೇಂದ್ರಕ್ಕೆ ಸಿಮ್ ಸಾಕು. ದೇವಿಮನೆ ಘಟ್ಟ ಹತ್ತಿದ ಮೇಲೆ, ಸಿದ್ದಾಪುರ, ಜೋಯಿಡಾ ಕಡೆಯ ಕಾಡಿನೊಳಗೆ ಸಿಮ್ ನೆಚ್ಚಿಕೊಂಡು ಕೂರುವಂತಿಲ್ಲ. ಕಡಿಮೆ ವಿದ್ಯುತ್ತಿನಲ್ಲಿ ದೂರ ತಲುಪುವ ಲೋರಾ ರೇಡಿಯೊ ಹಾಕಬೇಕು. ಸಿಮ್ ಆದರೆ ಎಪಿಎನ್ (ಮೊಬೈಲ್ ಜಾಲದಿಂದ ಇಂಟರ್ನೆಟ್‌ಗೆ ಹೋಗುವ ದ್ವಾರದ ಹೆಸರು) ಕೊಡಬೇಕು. ಲೋರಾ ಆದರೆ ಎಪಿಎನ್ ಇರಬಾರದು, ಬದಲಿಗೆ 32 ಹೆಕ್ಸ್ ಅಂಕಿಯ ಆ್ಯಪ್ ಕೀ ಎಂಬ ಗುಪ್ತ ಕೀ ಬೇಕು.

ಹೀಗೆ ಒಂದರ ಮೌಲ್ಯ ನೋಡಿ ಇನ್ನೊಂದನ್ನು ಕೇಳುವ ನಿಯಮಕ್ಕೆ ಸಿದ್ಧ ವ್ಯಾಲಿಡೇಟರ್ (ಬಳಕೆದಾರ ಬರೆದದ್ದು ಸರಿಯೇ ಎಂದು ನೋಡುವ ಕೋಡ್) ಸಾಲುವುದಿಲ್ಲ. ಪ್ರೊವೈಡರ್ ಕಟ್ಟಲು ಬಳಸುವ ಫ್ರೇಮ್‌ವರ್ಕ್‌ನ ವ್ಯಾಲಿಡೇಟರ್ ಲೈಬ್ರರಿಯಲ್ಲಿರುವ `ಆಲ್ಸೋರಿಕ್ವೈರ್ಸ್`, `ಕಾನ್‌ಫ್ಲಿಕ್ಟ್ಸ್‌ವಿತ್`, `ಎಕ್ಸಾಕ್ಟ್ಲಿಒನ್‌ಆಫ್` ಇವೆಲ್ಲ ಅಟ್ರಿಬ್ಯೂಟ್ (ಎಪಿಎನ್‌ನಂಥ ಒಂದೊಂದು ವಿವರ) ಇದೆಯೋ ಇಲ್ಲವೋ ಎಂದಷ್ಟೇ ನೋಡುತ್ತವೆ. ಅದರೊಳಗೆ "ಲೋರಾ" ಇದೆಯೋ "ಸಿಮ್" ಇದೆಯೋ ಎಂಬುದು ಅವಕ್ಕೆ ಬೇಡ. ಆ ಭಾಗ ನಾವೇ ಬರೆಯಬೇಕು.

ಇಲ್ಲಿ ಹೇಳಿರುವುದೆಲ್ಲ ಟೆರಾಫಾರ್ಮ್ ಪ್ಲಗಿನ್ ಫ್ರೇಮ್‌ವರ್ಕ್‌ಗೆ ಸಂಬಂಧಿಸಿದ್ದು, ಅದರ 1.0 ಆವೃತ್ತಿ 2022ರ ಡಿಸೆಂಬರ್‌ನಲ್ಲಿ ಬಂತು. ಹಳೆಯ ಎಸ್‌ಡಿಕೆ ಎರಡನೇ ಆವೃತ್ತಿಯ ರೀತಿಯೇ ಬೇರೆ. ಕೋಡಿನ ಹೆಸರುಗಳನ್ನು ಓದುವಂತೆ ಕನ್ನಡದಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಅಟ್ರಿಬ್ಯೂಟ್ ಹೆಸರು ಸಣ್ಣ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಇಷ್ಟರಲ್ಲೇ ಇರಬೇಕು, ಬೇರೆ ಯಾವುದನ್ನೂ ಫ್ರೇಮ್‌ವರ್ಕ್ ಒಪ್ಪುವುದಿಲ್ಲ.

## ಮೊದಲು ಕಾಗದದ ಮೇಲೆ

ಕೋಡ್ ತೆರೆಯುವ ಮುಂಚೆ ನಿಯಮವನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ: "`ಲಿಂಕ್` ಮೌಲ್ಯ ಲೋರಾ ಆಗಿದ್ದರೆ `ಆ್ಯಪ್_ಕೀ` ಕೊಟ್ಟಿರಲೇಬೇಕು." ಕೇಳುವುದಕ್ಕೆ ಹೌದು–ಅಲ್ಲ ಎಂಬ ಎರಡೇ ದಾರಿ ಇದ್ದಂತಿದೆ. ಟೆರಾಫಾರ್ಮ್‌ನಲ್ಲಿ ಹಾಗಿಲ್ಲ. ಯಾವುದೇ ಅಟ್ರಿಬ್ಯೂಟ್ ಮೂರು ಸ್ಥಿತಿಯಲ್ಲಿ ಬರಬಹುದು: ನಲ್, ಅಂದರೆ ಬಳಕೆದಾರ ಬರೆದೇ ಇಲ್ಲ, ಅನ್‌ನೋನ್, ಅಂದರೆ ಬರೆದಿದ್ದಾನೆ ಆದರೆ ಮೌಲ್ಯ ಇನ್ನೂ ಗೊತ್ತಾಗಿಲ್ಲ, ಅಥವಾ ಗೊತ್ತಿರುವ ಮೌಲ್ಯ.

ಷರತ್ತಿನ ಕಡೆ, ಅಂದರೆ `ಲಿಂಕ್`ಗೆ, ನಾಲ್ಕು ಸಾಧ್ಯತೆ: ನಲ್, ಅನ್‌ನೋನ್, "ಲೋರಾ", ಬೇರೆ ಮೌಲ್ಯ. ಗುರಿಯ ಕಡೆ, ಅಂದರೆ `ಆ್ಯಪ್_ಕೀ`ಗೆ, ಮೂರು: ನಲ್, ಅನ್‌ನೋನ್, ಮೌಲ್ಯ ಇದೆ. ಗುಣಿಸಿದರೆ 12 ಮನೆಯ ಕೋಷ್ಟಕ. ಈ ಹನ್ನೆರಡರಲ್ಲಿ ದೋಷ ಕೊಡಬೇಕಾದ್ದು ಒಂದೇ ಒಂದು: ಷರತ್ತು "ಲೋರಾ", ಗುರಿ ನಲ್. ಉಳಿದ ಹನ್ನೊಂದರಲ್ಲಿ ವ್ಯಾಲಿಡೇಟರ್ ಸುಮ್ಮನಿರಬೇಕು. ಎಪಿಎನ್ ಇರಬಾರದು ಎಂಬ ಎರಡನೇ ನಿಯಮಕ್ಕೂ ಇದೇ ಕೋಷ್ಟಕ. ಅಲ್ಲಿ ದೋಷದ ಮನೆ ಷರತ್ತು "ಲೋರಾ", ಗುರಿಯಲ್ಲಿ ಮೌಲ್ಯ ಇದೆ ಎಂಬುದು.

ಈ ಕೋಷ್ಟಕ ಬರೆಯದೆ ಹೊರಟವರು ಸಾಮಾನ್ಯವಾಗಿ ಅನ್‌ನೋನ್ ಇರುವ ಮನೆಗಳಲ್ಲಿ ಎಡವುತ್ತಾರೆ. ಅನ್‌ನೋನ್ ಎಲ್ಲಿಂದ ಬರುತ್ತದೆ? ಇನ್ನೂ ಸೃಷ್ಟಿಯಾಗದ ಬೇರೊಂದು ರಿಸೋರ್ಸ್‌ನ ಔಟ್‌ಪುಟ್ ಆಗಿದ್ದರೆ ಬರುತ್ತದೆ, ಇದು ಎಲ್ಲರಿಗೂ ಗೊತ್ತು. ಇನ್ನೊಂದು ಅಷ್ಟು ಪರಿಚಿತವಲ್ಲ: `ಟೆರಾಫಾರ್ಮ್ ವ್ಯಾಲಿಡೇಟ್` ಓಡಿಸಿದಾಗ ಮೂಲ ಮಾಡ್ಯೂಲ್‌ನ ಎಲ್ಲ ವೇರಿಯಬಲ್‌ಗಳೂ ಅನ್‌ನೋನ್ ಆಗಿಯೇ ಪ್ರೊವೈಡರ್‌ಗೆ ತಲುಪುತ್ತವೆ. `ಆ್ಯಪ್_ಕೀ` ಜಾಗದಲ್ಲಿ ವೇರಿಯಬಲ್ ಬರೆದವನಿಗೆ ನಿಮ್ಮ ವ್ಯಾಲಿಡೇಟರ್ "ಕೀ ಇಲ್ಲ" ಎಂದು ದೋಷ ಎಸೆದರೆ, ಅವನ ಸಿಐ ಪೈಪ್‌ಲೈನ್ (ಕೋಡ್ ಬದಲಾದಾಗಲೆಲ್ಲ ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ಸುಳ್ಳು ಕಾರಣಕ್ಕೆ ನಿಲ್ಲುತ್ತದೆ. ಮೌಲ್ಯ ಗೊತ್ತಿಲ್ಲದಿದ್ದಾಗ ಸುಮ್ಮನಿರುವುದರಿಂದ ನಷ್ಟವೂ ಇಲ್ಲ. ಟೆರಾಫಾರ್ಮ್ ಪ್ಲ್ಯಾನ್ (ಏನು ಬದಲಾಗಲಿದೆ ಎಂಬ ಲೆಕ್ಕ) ಹೊತ್ತಿನಲ್ಲಿ ಒಮ್ಮೆ, ಅಪ್ಲೈ (ಆ ಬದಲಾವಣೆ ಜಾರಿ) ಹೊತ್ತಿನಲ್ಲಿ ಮೌಲ್ಯ ತಿಳಿದ ಮೇಲೆ ಮತ್ತೊಮ್ಮೆ ನಿಮ್ಮನ್ನು ಕೇಳಿಯೇ ಕೇಳುತ್ತದೆ.

## ನಿಯಮವನ್ನು ಎಲ್ಲಿ ಕೂರಿಸಬೇಕು

ಜಾಗ ನಾಲ್ಕಿವೆ. ಸ್ಕೀಮಾದಲ್ಲಿ (ರಿಸೋರ್ಸ್‌ಗೆ ಯಾವ ಅಟ್ರಿಬ್ಯೂಟ್‌ಗಳಿವೆ ಎಂದು ಹೇಳುವ ವಿವರ) ಅಟ್ರಿಬ್ಯೂಟ್‌ನ `ವ್ಯಾಲಿಡೇಟರ್ಸ್` ಪಟ್ಟಿ, ರಿಸೋರ್ಸ್‌ನ `ಕಾನ್ಫಿಗ್‌ವ್ಯಾಲಿಡೇಟರ್ಸ್`, ರಿಸೋರ್ಸ್‌ನ `ವ್ಯಾಲಿಡೇಟ್‌ಕಾನ್ಫಿಗ್` ಮೆಥಡ್, ಕೊನೆಗೆ `ಮಾಡಿಫೈಪ್ಲ್ಯಾನ್`. ಒಂದೇ ರಿಸೋರ್ಸ್‌ಗೆ, ಒಂದೇ ಕಡೆ ಬೇಕಾದ ನಿಯಮವಾದರೆ `ವ್ಯಾಲಿಡೇಟ್‌ಕಾನ್ಫಿಗ್`ನಲ್ಲಿ ಹತ್ತು ಸಾಲು ಬರೆದು ಮುಗಿಸುವುದೇ ಲೇಸು. ಎರಡನೇ ರಿಸೋರ್ಸ್‌ಗೂ ಬೇಕಾಯಿತು ಎಂದಾಗ ಅಟ್ರಿಬ್ಯೂಟ್ ವ್ಯಾಲಿಡೇಟರ್ ಮಾಡಿ. ಸರ್ವರನ್ನು ಕೇಳಿ ತೀರ್ಮಾನಿಸಬೇಕಾದದ್ದು, ಉದಾಹರಣೆಗೆ ಈ ಗೇಟ್‌ವೇ ನಿಜಕ್ಕೂ ಇದೆಯೇ ಎಂಬುದು, ಮೊದಲ ಮೂರರಲ್ಲಿ ಸಲ್ಲದು. ವ್ಯಾಲಿಡೇಟ್ ಹೊತ್ತಿಗೆ ಪ್ರೊವೈಡರ್ ಕಾನ್ಫಿಗರ್ ಆಗಿರುವುದಿಲ್ಲ, ಕ್ಲೈಂಟ್ ಪಾಯಿಂಟರ್ ಖಾಲಿ ಇರುತ್ತದೆ, ಕರೆದ ಕೂಡಲೇ ಪ್ಯಾನಿಕ್, ಅಂದರೆ ಪ್ರೊವೈಡರ್ ಅಲ್ಲೇ ಕುಸಿಯುತ್ತದೆ.

ಅಟ್ರಿಬ್ಯೂಟ್ ವ್ಯಾಲಿಡೇಟರ್ ಆದರೆ ಯಾವ ಅಟ್ರಿಬ್ಯೂಟ್‌ಗೆ ಹಚ್ಚಬೇಕು, `ಲಿಂಕ್`ಗೋ `ಆ್ಯಪ್_ಕೀ`ಗೋ? ಷರತ್ತಿನ ಕಡೆಗೆ, ಅಂದರೆ `ಲಿಂಕ್`ಗೆ ಹಚ್ಚಿ. ಮೂರು ಕಾರಣ. `ಲಿಂಕ್` ಸ್ಟ್ರಿಂಗ್; ಗುರಿ ಸ್ಟ್ರಿಂಗ್ ಇರಲಿ, ಸಂಖ್ಯೆ ಇರಲಿ, ಪಟ್ಟಿ ಇರಲಿ, ಒಂದೇ ಸ್ಟ್ರಿಂಗ್ ವ್ಯಾಲಿಡೇಟರ್ ಸಾಕು. ಗುರಿಗೆ ಹಚ್ಚಲು ಹೋದರೆ ಪ್ರತಿ ಟೈಪ್‌ಗೂ ಬೇರೆ ಇಂಟರ್‌ಫೇಸ್ ತುಂಬಬೇಕು. ಎರಡನೆಯದು, ಗುರಿ ಯಾವುದೋ ಒಳಗಿನ ಆಬ್ಜೆಕ್ಟ್‌ನಲ್ಲಿದ್ದು ಆ ಆಬ್ಜೆಕ್ಟೇ ನಲ್ ಆದರೆ ಅದರೊಳಗಿನ ವ್ಯಾಲಿಡೇಟರ್ ಓಡುವುದೇ ಇಲ್ಲ. ನಿಯಮ ಮುರಿದರೂ ಯಾರೂ ಸದ್ದು ಮಾಡುವುದಿಲ್ಲ. ಮೂರನೆಯದು ದೋಷ ತೋರುವ ಸಾಲು. ಬರೆಯದೇ ಬಿಟ್ಟ ಅಟ್ರಿಬ್ಯೂಟ್‌ಗೆ ಫೈಲಿನಲ್ಲಿ ಸಾಲೇ ಇಲ್ಲ, ಹಾಗಾಗಿ ಟೆರಾಫಾರ್ಮ್ ಇಡೀ ಬ್ಲಾಕ್‌ನತ್ತ ಬೆರಳು ಮಾಡುತ್ತದೆ. `ಲಿಂಕ್`ನ ಪಾತ್ ಕೊಟ್ಟರೆ ಲೋರಾ ಎಂದು ಬರೆದ ಸಾಲನ್ನೇ ತೋರಿಸುತ್ತದೆ.

## ವ್ಯಾಲಿಡೇಟರ್ ಬರೆಯುವ ಹಂತಗಳು

1. `ರಿಕ್ವೈರ್ಡ್‌ಇಫ್` ಎಂಬ ಸ್ಟ್ರಕ್ಟ್ ಮಾಡಿ, ಮೂರು ಫೀಲ್ಡ್ ಇಡಿ: ಹೋಲಿಸಬೇಕಾದ ಮೌಲ್ಯ, ಗುರಿಗಳ ಪಾತ್ ಎಕ್ಸ್‌ಪ್ರೆಶನ್ (ಅಟ್ರಿಬ್ಯೂಟ್ ಎಲ್ಲಿದೆ ಎಂದು ಹೇಳುವ ವಿಳಾಸದ ಮಾದರಿ) ಪಟ್ಟಿ, ಷರತ್ತು ಅಟ್ರಿಬ್ಯೂಟ್‌ನ ಡೀಫಾಲ್ಟ್. ಮೂರನೆಯದು ಯಾಕೆಂದು ಮುಂದೆ ತಿಳಿಯುತ್ತದೆ.

2. ಅದರ ಕೆಳಗೇ, ಈ ಸ್ಟ್ರಕ್ಟ್ `ವ್ಯಾಲಿಡೇಟರ್.ಸ್ಟ್ರಿಂಗ್` ಇಂಟರ್‌ಫೇಸ್ ಪೂರೈಸುತ್ತದೆ ಎಂದು ಹೇಳುವ ಖಾಲಿ ಹೆಸರಿನ ಅಸೈನ್‌ಮೆಂಟ್ ಸಾಲು ಹಾಕಿ. ಮೆಥಡ್ ಸಹಿಯಲ್ಲಿ ಒಂದು ಅಕ್ಷರ ತಪ್ಪಿದರೂ ಕಂಪೈಲರ್ ಅಲ್ಲೇ ಹಿಡಿಯುತ್ತದೆ.

3. `ಡಿಸ್ಕ್ರಿಪ್ಶನ್`, `ಮಾರ್ಕ್‌ಡೌನ್‌ಡಿಸ್ಕ್ರಿಪ್ಶನ್` ಎಂಬ ಎರಡು ಮೆಥಡ್ ಬರೆಯಿರಿ. ಇವು ಪ್ರೊವೈಡರ್‌ನ ದಾಖಲೆ ಪುಟಕ್ಕೆ ತಾವಾಗಿಯೇ ಹೋಗುತ್ತವೆ ಎಂದು ನಂಬಬೇಡಿ. ಸ್ಕೀಮಾ ಪ್ರೊಟೊಕಾಲ್‌ನಲ್ಲಿ ವ್ಯಾಲಿಡೇಟರ್‌ಗೆ ಜಾಗವೇ ಇಲ್ಲ. "ಲೋರಾ ಆದಾಗ ಕಡ್ಡಾಯ" ಎಂಬ ಮಾತನ್ನು `ಆ್ಯಪ್_ಕೀ` ಅಟ್ರಿಬ್ಯೂಟ್‌ನ ವಿವರಣೆಯಲ್ಲಿ ಕೈಯಾರೆ ಬರೆಯಬೇಕು.

4. ಮುಖ್ಯ ಮೆಥಡ್ `ವ್ಯಾಲಿಡೇಟ್‌ಸ್ಟ್ರಿಂಗ್`. ಇದಕ್ಕೆ ಕಾಂಟೆಕ್ಸ್ಟ್, ರಿಕ್ವೆಸ್ಟ್ ಮತ್ತು ರೆಸ್ಪಾನ್ಸ್‌ನ ಪಾಯಿಂಟರ್ ಬರುತ್ತವೆ. ರಿಕ್ವೆಸ್ಟ್‌ನಲ್ಲಿ ನಮಗೆ ಬೇಕಾದ ನಾಲ್ಕು ವಸ್ತು: `ಪಾತ್`, `ಪಾತ್‌ಎಕ್ಸ್‌ಪ್ರೆಶನ್`, ಇಡೀ `ಕಾನ್ಫಿಗ್`, ಈ ಅಟ್ರಿಬ್ಯೂಟ್‌ನ `ಕಾನ್ಫಿಗ್‌ವ್ಯಾಲ್ಯೂ`.

5. ಮೊದಲ ಕೆಲಸ: `ಕಾನ್ಫಿಗ್‌ವ್ಯಾಲ್ಯೂ` ಅನ್‌ನೋನ್ ಆದರೆ ಅಲ್ಲಿಗೇ ರಿಟರ್ನ್. ನಲ್ ಆಗಿದ್ದು ಡೀಫಾಲ್ಟ್ ಫೀಲ್ಡ್ ಖಾಲಿ ಇದ್ದರೂ ರಿಟರ್ನ್. ನಲ್ ಆಗಿದ್ದು ಡೀಫಾಲ್ಟ್ ಇದ್ದರೆ ಆ ಡೀಫಾಲ್ಟನ್ನೇ ಮೌಲ್ಯವೆಂದು ಹಿಡಿಯಿರಿ. ಹೋಲಿಕೆ ತಾಳೆಯಾಗದಿದ್ದರೆ ರಿಟರ್ನ್.

6. ಪ್ರತಿ ಗುರಿಯ ಎಕ್ಸ್‌ಪ್ರೆಶನ್ ಅನ್ನು ರಿಕ್ವೆಸ್ಟ್‌ನ `ಪಾತ್‌ಎಕ್ಸ್‌ಪ್ರೆಶನ್` ಜೊತೆ `ಮರ್ಜ್` ಮಾಡಿ, `ಕಾನ್ಫಿಗ್.ಪಾತ್‌ಮ್ಯಾಚಸ್`ಗೆ ಕೊಡಿ. ನಿಜವಾದ ಪಾತ್‌ಗಳ ಪಟ್ಟಿ ಸಿಗುತ್ತದೆ. ಗುರಿಯ ಹೆಸರನ್ನು ತಪ್ಪಾಗಿ ಬರೆದಿದ್ದರೆ ಸ್ಕೀಮಾಕ್ಕೆ ಹೊಂದದ ಎಕ್ಸ್‌ಪ್ರೆಶನ್ ಎಂಬ ಡಯಾಗ್ನಾಸ್ಟಿಕ್ ಇಲ್ಲೇ ಬರುತ್ತದೆ. ಅದನ್ನು ನುಂಗದೆ ರೆಸ್ಪಾನ್ಸ್‌ಗೆ ಸೇರಿಸಿ.

7. ಪ್ರತಿ ಪಾತ್‌ನ ಮೌಲ್ಯವನ್ನು `ಗೆಟ್‌ಅಟ್ರಿಬ್ಯೂಟ್`ನಿಂದ ಓದಿ, ಅದೂ `ಅಟ್ರ್.ವ್ಯಾಲ್ಯೂ` ಎಂಬ ಇಂಟರ್‌ಫೇಸ್ ಟೈಪ್‌ನ ವೇರಿಯಬಲ್‌ಗೆ. ಅನ್‌ನೋನ್ ಆದರೆ ಮುಂದಿನ ಗುರಿಗೆ ಹೋಗಿ. ನಲ್ ಆದರೆ `ಆ್ಯಡ್‌ಅಟ್ರಿಬ್ಯೂಟ್‌ಎರರ್` ಕರೆದು, ಪಾತ್ ಆಗಿ ರಿಕ್ವೆಸ್ಟ್‌ನ `ಪಾತ್` ಕೊಡಿ.

ಏಳನೇ ಹಂತದ `ಅಟ್ರ್.ವ್ಯಾಲ್ಯೂ` ಬಗ್ಗೆ ಇನ್ನೆರಡು ಮಾತು. ಗೋ ಭಾಷೆಯ ಬರಿಯ ಸ್ಟ್ರಿಂಗ್‌ಗೆ ಓದಿದರೆ, ಮೌಲ್ಯ ಅನ್‌ನೋನ್ ಆದಾಗ ಫ್ರೇಮ್‌ವರ್ಕ್ ಪರಿವರ್ತನೆ ದೋಷ ಕೊಡುತ್ತದೆ, ಆ ದೋಷ ನೇರವಾಗಿ ಬಳಕೆದಾರನ ಪರದೆಗೆ ಹೋಗುತ್ತದೆ. `ಟೈಪ್ಸ್.ಸ್ಟ್ರಿಂಗ್`ಗೆ ಓದಿದರೆ ಅನ್‌ನೋನ್ ಸಮಸ್ಯೆ ತೀರುತ್ತದೆ, ಆದರೆ ಇನ್ನೊಂದು ಹೊಂಚು ಹಾಕಿ ಕೂತಿರುತ್ತದೆ: ಗುರಿಯ ತಾಯಿ ಆಬ್ಜೆಕ್ಟ್ ನಲ್ ಅಥವಾ ಅನ್‌ನೋನ್ ಆಗಿದ್ದಾಗ `ಪಾತ್‌ಮ್ಯಾಚಸ್` ಖಾಲಿ ಪಟ್ಟಿ ಕೊಡುವುದಿಲ್ಲ, ಆ ತಾಯಿಯ ಪಾತನ್ನೇ ಕೊಡುತ್ತದೆ. ಅಲ್ಲಿರುವುದು ಆಬ್ಜೆಕ್ಟ್, ಸ್ಟ್ರಿಂಗ್ ಎಂದು ಓದಹೋದರೆ ಮತ್ತೆ ಪರಿವರ್ತನೆ ದೋಷ. ಇಂಟರ್‌ಫೇಸ್‌ಗೆ ಓದಿದರೆ `ಈಸ್‌ನಲ್`, `ಈಸ್‌ಅನ್‌ನೋನ್` ಎರಡೂ ಯಾವ ಟೈಪ್‌ಗಾದರೂ ಸರಿಯಾಗಿ ಉತ್ತರಿಸುತ್ತವೆ.

"ಇರಬಾರದು" ನಿಯಮಕ್ಕೆ `ಫರ್ಬಿಡನ್‌ಇಫ್` ಎಂಬ ಬೇರೆ ಸ್ಟ್ರಕ್ಟ್ ಮಾಡಿ. ಒಂದೇ ಸ್ಟ್ರಕ್ಟ್‌ಗೆ ಬೂಲಿಯನ್ ಹಾಕಿ ಎರಡು ಕೆಲಸ ಮಾಡಿಸಬಹುದು, ಆದರೆ ಸಂದೇಶದ ವಾಕ್ಯಗಳು ಗೋಜಲಾಗುತ್ತವೆ, ಸ್ಕೀಮಾ ಓದುವವರಿಗೆ `ಟ್ರೂ` ಅಂದರೆ ಬೇಕೋ ಬೇಡವೋ ತಿಳಿಯುವುದಿಲ್ಲ.

ಖಾಲಿ ಸ್ಟ್ರಿಂಗ್ ನಲ್ ಅಲ್ಲ ಎಂಬುದನ್ನು ಮರೆಯಬೇಡಿ. ಮಾಡ್ಯೂಲ್ ಬರೆಯುವವರು ಎಪಿಎನ್ ವೇರಿಯಬಲ್‌ಗೆ ಖಾಲಿ ಉದ್ಧರಣ ಚಿಹ್ನೆಯನ್ನು ಡೀಫಾಲ್ಟ್ ಇಟ್ಟು ಸೀದಾ ಕಳಿಸುತ್ತಾರೆ. ಆಗ `ರಿಕ್ವೈರ್ಡ್‌ಇಫ್` "ಇದೆಯಲ್ಲ" ಎಂದು ಬಿಟ್ಟುಬಿಡುತ್ತದೆ, `ಫರ್ಬಿಡನ್‌ಇಫ್` ಮಾತ್ರ ಲೋರಾ ಕೇಂದ್ರಕ್ಕೆ ಕಿರುಚುತ್ತದೆ. ಮದ್ದು ಎರಡು: ಸ್ಕೀಮಾದಲ್ಲಿ ಎಪಿಎನ್‌ಗೆ ಕನಿಷ್ಠ ಉದ್ದ 1 ಎಂಬ ಸಿದ್ಧ ವ್ಯಾಲಿಡೇಟರ್ ಸೇರಿಸಿ, ಬೇಡದಾಗ ಖಾಲಿ ಸ್ಟ್ರಿಂಗ್ ಬದಲು `ನಲ್` ಕಳಿಸಿ ಎಂದು ಉದಾಹರಣೆಯಲ್ಲೇ ತೋರಿಸಿ.

## ಸಂದೇಶ ಹೇಗಿರಬೇಕು

ಸಾರಾಂಶ ಒಂದು ಸಾಲು, ವಿವರ ಎರಡು ವಾಕ್ಯ. ವಿವರದಲ್ಲಿ ಯಾವುದು ಇಲ್ಲ, ಯಾವ ಮೌಲ್ಯದಿಂದಾಗಿ ಬೇಕಾಯಿತು, ಏನು ಮಾಡಬೇಕು ಈ ಮೂರೂ ಇರಲಿ. ಈ ಕೆಳಗಿನ ಕಾನ್ಫಿಗರೇಶನ್‌ಗೆ

```
ರಿಸೋರ್ಸ್ "ಮಾಪನ_ಕೇಂದ್ರ" "ದೇವಿಮನೆ" {
  ಬಗೆ   = "ಮಳೆ"
  ಲಿಂಕ್ = "ಲೋರಾ"
}
```

ಬರಬೇಕಾದ ಉತ್ತರ ಇಂಥದ್ದು:

```
ದೋಷ: ಆ್ಯಪ್_ಕೀ ಕೊಟ್ಟಿಲ್ಲ

  3ನೇ ಸಾಲು:  ಲಿಂಕ್ = "ಲೋರಾ"

ಲಿಂಕ್ "ಲೋರಾ" ಆಗಿರುವುದರಿಂದ ಆ್ಯಪ್_ಕೀ ಬೇಕು.
32 ಹೆಕ್ಸ್ ಅಂಕಿಯ ಕೀ ಕೊಡಿ, ಇಲ್ಲವೇ ಲಿಂಕ್ ಅನ್ನು "ಸಿಮ್" ಮಾಡಿ.
```

ಸಂದೇಶವನ್ನು ಕನ್ನಡದಲ್ಲೇ ಇಡಲು ಟೆರಾಫಾರ್ಮ್‌ನಿಂದ ಅಡ್ಡಿಯಿಲ್ಲ. ಕೆಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ ಎಂಬುದೊಂದೇ ಕೊರತೆ. ಒಳಬಳಕೆಯ ಪ್ರೊವೈಡರ್ ಆದರೆ ಧಾರಾಳವಾಗಿ ಕನ್ನಡದಲ್ಲಿ ಬರೆಯಿರಿ, ರಿಜಿಸ್ಟ್ರಿಗೆ ಹಾಕುವುದಾದರೆ ಇಂಗ್ಲಿಷ್.

ಗುರಿಯ ಮೌಲ್ಯವನ್ನು ಸಂದೇಶದಲ್ಲಿ ಅಚ್ಚು ಮಾಡಬೇಡಿ. ಸೆನ್ಸಿಟಿವ್ ಎಂಬ ಗುರುತು ಪ್ರೊವೈಡರ್ ತನಕ ಬರುವುದಿಲ್ಲ, ಮೌಲ್ಯ ಮಾತ್ರ ಬರುತ್ತದೆ. `ಫರ್ಬಿಡನ್‌ಇಫ್` "ಇಂಥ ಕೀ ಇರಬಾರದು" ಎಂದು ಕೀಯನ್ನೇ ಬರೆದರೆ ಅದು ಸಿಐ ಲಾಗ್‌ನಲ್ಲಿ ಬಿದ್ದಿರುತ್ತದೆ.

## ಪಟ್ಟಿಯೊಳಗಿನ ಪಕ್ಕದ ಅಟ್ರಿಬ್ಯೂಟ್

ಕಾರವಾರದ ಕೇಂದ್ರದಲ್ಲಿ ಒಂದೇ ಪೆಟ್ಟಿಗೆಗೆ ಎರಡು ಸಂವೇದಕ: ಮಳೆ ಮತ್ತು ಉಬ್ಬರ. `ಸಂವೇದಕಗಳು` ಎಂಬ ಪಟ್ಟಿಯ ಪ್ರತಿ ಅಂಶದಲ್ಲೂ `ಬಗೆ` ಇದೆ. ಬಗೆ "ಮಳೆ" ಆದರೆ `ಬಕೆಟ್_ಮಿಮೀ` ಬೇಕು, 0.2 ಅಥವಾ 0.5. ಬಗೆ "ಉಬ್ಬರ" ಆದರೆ ಎತ್ತರವನ್ನು ಯಾವುದರಿಂದ ಅಳೆದದ್ದು ಎಂದು ಹೇಳುವ `ಡೇಟಮ್` ಬೇಕು. ಚಾರ್ಟ್ ಡೇಟಮ್‌ನಿಂದಲೋ ಸರಾಸರಿ ಸಮುದ್ರ ಮಟ್ಟದಿಂದಲೋ ತಿಳಿಯದ ಉಬ್ಬರದ ಅಂಕಿ ಯಾರಿಗೂ ಉಪಯೋಗವಿಲ್ಲ.

ಇಲ್ಲಿ ಗುರಿಯ ಎಕ್ಸ್‌ಪ್ರೆಶನ್ ಅನ್ನು ಮೂಲದಿಂದ ಶುರು ಮಾಡಿ, "`ಸಂವೇದಕಗಳು` ಪಟ್ಟಿಯ ಯಾವುದೇ ಅಂಶದ `ಡೇಟಮ್`" ಎಂದು ಬರೆದರೆ ಕೆಟ್ಟಿತು. ಉಬ್ಬರದ ಅಂಶ ಓಡಿದಾಗ ಮಳೆಯ ಅಂಶದ ಡೇಟಮ್ ಕೂಡ ಹೊಂದುತ್ತದೆ, ಅದು ಸಹಜವಾಗಿಯೇ ನಲ್, ಸುಳ್ಳು ದೋಷ ಖಚಿತ. ಬರೆಯಬೇಕಾದ ರೀತಿ: `ಮ್ಯಾಚ್‌ರಿಲೇಟಿವ್`, ನಂತರ `ಆಟ್‌ಪೇರೆಂಟ್`, ನಂತರ `ಆಟ್‌ನೇಮ್`ಗೆ `ಡೇಟಮ್`. ಆರನೇ ಹಂತದ `ಮರ್ಜ್` ಇದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ರಿಕ್ವೆಸ್ಟ್‌ನ ಎಕ್ಸ್‌ಪ್ರೆಶನ್‌ನಲ್ಲಿ ಎಷ್ಟನೇ ಅಂಶ ಎಂಬುದು ಸೇರಿರುತ್ತದೆ.

ಸಂವೇದಕಗಳನ್ನು ಸೆಟ್ ಮಾಡುವ ಆಸೆ ಹುಟ್ಟಬಹುದು, ಕ್ರಮ ಮುಖ್ಯವಲ್ಲವಲ್ಲ ಎಂದು. ಷರತ್ತು ನಿಯಮ ಇರುವ ಕಡೆ ಬೇಡ. ಸೆಟ್‌ನ ಅಂಶಕ್ಕೆ ಕ್ರಮಸಂಖ್ಯೆ ಇಲ್ಲ, ಅದರ ಇಡೀ ಮೌಲ್ಯವೇ ವಿಳಾಸ. ದೋಷ ಯಾವ ಸಾಲಿನದೆಂದು ತೋರಿಸಲು ಟೆರಾಫಾರ್ಮ್‌ಗೆ ಆಗುವುದಿಲ್ಲ. ಪಟ್ಟಿ ಅಥವಾ ಮ್ಯಾಪ್ ಇಟ್ಟುಕೊಳ್ಳಿ.

## ಡೀಫಾಲ್ಟ್ ಎಂಬ ತಲೆನೋವು

ವ್ಯಾಲಿಡೇಟರ್ ನೋಡುವುದು ಬಳಕೆದಾರ ಬರೆದ ಕಾನ್ಫಿಗರೇಶನ್ನು, ಪ್ಲ್ಯಾನನ್ನಲ್ಲ. ಸ್ಕೀಮಾದಲ್ಲಿ ಕೊಟ್ಟ ಡೀಫಾಲ್ಟ್ ಪ್ಲ್ಯಾನ್‌ಗೆ ಮಾತ್ರ ಸೇರುತ್ತದೆ. `ಲಿಂಕ್`ಗೆ ಡೀಫಾಲ್ಟ್ "ಸಿಮ್" ಇಟ್ಟಿದ್ದೀರಿ, ಬಳಕೆದಾರ `ಲಿಂಕ್` ಬರೆಯಲಿಲ್ಲ, ಎಪಿಎನ್ ಸಹ ಬರೆಯಲಿಲ್ಲ. ವ್ಯಾಲಿಡೇಟರ್‌ಗೆ ಕಾಣುವುದು ನಲ್. "ಸಿಮ್ ಅಲ್ಲವಲ್ಲ" ಎಂದು ಸುಮ್ಮನಾಗುತ್ತದೆ. ಎಪಿಎನ್ ಇಲ್ಲದ ಸಿಮ್ ಕೇಂದ್ರ ಸೃಷ್ಟಿಯಾಗುತ್ತದೆ. ಸ್ಟ್ರಕ್ಟ್‌ಗೆ ಮೂರನೇ ಫೀಲ್ಡ್ ಸೇರಿಸಿದ್ದು ಇದಕ್ಕೇ. ಡೀಫಾಲ್ಟ್ ಮೌಲ್ಯವನ್ನು ಒಂದೇ ಕಾನ್‌ಸ್ಟಂಟ್‌ನಲ್ಲಿಟ್ಟು ಸ್ಕೀಮಾಕ್ಕೂ ವ್ಯಾಲಿಡೇಟರ್‌ಗೂ ಅದನ್ನೇ ಕೊಡಿ, ಇಲ್ಲವಾದರೆ ಮುಂದೊಂದು ದಿನ ಒಂದನ್ನು ಬದಲಿಸಿ ಇನ್ನೊಂದನ್ನು ಬಿಡುತ್ತೀರಿ.

ಗುರಿಯಲ್ಲಿ ಡೀಫಾಲ್ಟ್ ಇದ್ದರೆ ಇನ್ನೂ ಕಷ್ಟ. `ಅಂತರ_ಸೆಕೆಂಡ್` ಎಂಬ ಸಂಖ್ಯೆ, ಎಷ್ಟು ಹೊತ್ತಿಗೊಮ್ಮೆ ಓದು ಕಳಿಸಬೇಕೆಂದು, ಡೀಫಾಲ್ಟ್ 60. ಲೋರಾ ಆದರೆ 300ಕ್ಕಿಂತ ಕಡಿಮೆ ಬೇಡ ಎಂಬ ನಿಯಮ. ಅದು ಸುಮ್ಮನೆ ಹಾಕಿದ ಅಂಕಿಯಲ್ಲ. ಸಿಗ್ನಲ್ ದುರ್ಬಲವಾಗಿ ಸ್ಪ್ರೆಡಿಂಗ್ ಫ್ಯಾಕ್ಟರ್ (ಹೆಚ್ಚಿದಷ್ಟೂ ರವಾನೆ ನಿಧಾನ) 12ಕ್ಕೆ ಏರಿದಾಗ, 125 ಕಿಲೋಹರ್ಟ್ಸ್ ಅಗಲದಲ್ಲಿ 51 ಬೈಟ್ ದತ್ತಾಂಶದ ಒಂದು ಪ್ಯಾಕೆಟ್ ಗಾಳಿಯಲ್ಲಿ ಸುಮಾರು 2.8 ಸೆಕೆಂಡ್ ಇರುತ್ತದೆ. ನಿಮಿಷಕ್ಕೊಮ್ಮೆ ಕಳಿಸುವ ಹತ್ತಾರು ಕೇಂದ್ರ ಒಂದೇ ಗೇಟ್‌ವೇಗೆ ಬಿದ್ದರೆ ಪ್ಯಾಕೆಟ್‌ಗಳು ಡಿಕ್ಕಿ ಹೊಡೆಯುತ್ತಲೇ ಇರುತ್ತವೆ. ಈಗ ಬಳಕೆದಾರ ಲೋರಾ ಬರೆದು ಅಂತರ ಬರೆಯಲಿಲ್ಲ ಎನ್ನಿ. ವ್ಯಾಲಿಡೇಟರ್‌ಗೆ ಅಂತರ ನಲ್, ಅದು ಸುಮ್ಮನೆ. ಪ್ಲ್ಯಾನ್‌ಗೆ 60 ಹೋಗಿ ಕೂರುತ್ತದೆ. ನಿಯಮ ಮುರಿದದ್ದು ಬಳಕೆದಾರನಲ್ಲ, ನಿಮ್ಮ ಸ್ಕೀಮಾ.

ಇಂಥದ್ದನ್ನು `ಮಾಡಿಫೈಪ್ಲ್ಯಾನ್`ಗೆ ಹಾಕಿ, ಅಲ್ಲಿ ಡೀಫಾಲ್ಟ್ ಸೇರಿದ ಪ್ಲ್ಯಾನ್ ಸಿಗುತ್ತದೆ. ಅದರ ಮೊದಲ ಸಾಲು `ಪ್ಲ್ಯಾನ್.ರಾ` ನಲ್ ಆದರೆ ರಿಟರ್ನ್ ಎಂದಿರಲಿ. ಡಿಸ್ಟ್ರಾಯ್ ಹೊತ್ತಿನಲ್ಲೂ ಈ ಮೆಥಡ್ ಓಡುತ್ತದೆ, ಪ್ಲ್ಯಾನ್ ಇಡೀ ನಲ್ ಆಗಿರುತ್ತದೆ. ಅದನ್ನು ನೋಡದೆ ಓದಹೋದರೆ ಕೇಂದ್ರವನ್ನು ಅಳಿಸುವುದಕ್ಕೂ ಬಿಡದ ಪ್ರೊವೈಡರ್ ತಯಾರಾಗುತ್ತದೆ. ನಮ್ಮನ್ನು ಕೇಳಿದರೆ, ಲಿಂಕ್‌ಗೆ ತಕ್ಕಂತೆ ಬದಲಾಗಬೇಕಾದ ಅಟ್ರಿಬ್ಯೂಟ್‌ಗೆ ಸ್ಥಿರ ಡೀಫಾಲ್ಟ್ ಇಡದಿರುವುದೇ ಒಳ್ಳೆಯದು.

ಕಂಪ್ಯೂಟೆಡ್ ಮತ್ತು ಆಪ್ಶನಲ್ ಎರಡೂ ಆಗಿರುವ ಅಟ್ರಿಬ್ಯೂಟ್ ಗುರಿಯಾಗಲೇ ಬಾರದು. ಅಲ್ಲಿ ನಲ್ ಎಂದರೆ ಸರ್ವರೇ ತುಂಬಲಿ ಎಂದರ್ಥ.

ಕೇಂದ್ರದ ಪ್ರದರ್ಶನ ಹೆಸರಿಗೆ ಉದ್ದದ ಮಿತಿ ಹಾಕುವಾಗ ಒಂದು ಎಚ್ಚರ. ಸಿದ್ಧ ಲೈಬ್ರರಿಯ `ಲೆಂತ್‌ಅಟ್‌ಮೋಸ್ಟ್` ಎಣಿಸುವುದು ಬೈಟ್. "ಶಿರಸಿ" ಕಣ್ಣಿಗೆ ಮೂರು ಅಕ್ಷರ, ಯೂನಿಕೋಡ್‌ನಲ್ಲಿ 5 ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್. "ಯಲ್ಲಾಪುರ" 8 ಸಂಕೇತ, 24 ಬೈಟ್. 20ರ ಮಿತಿ ಇಟ್ಟರೆ ಯಲ್ಲಾಪುರ ಒಳಗೆ ಬರುವುದಿಲ್ಲ. `ಯುಟಿಎಫ್8ಲೆಂತ್‌ಅಟ್‌ಮೋಸ್ಟ್` ಬಳಸಿ.

## ಯೂನಿಟ್ ಟೆಸ್ಟ್

ಇದಕ್ಕೆ ಟೆರಾಫಾರ್ಮ್ ಬೈನರಿ ಬೇಡ, ನೆಟ್ ಬೇಡ. ಮಳೆಗಾಲದಲ್ಲಿ ಘಟ್ಟದ ಮೇಲೆ ಕೂತು ಕೆಲಸ ಮಾಡುವವರಿಗೆ ಇದು ದೊಡ್ಡ ಅನುಕೂಲ. `ಗೋ ಮಾಡ್ ವೆಂಡರ್` ಒಮ್ಮೆ ಮಾಡಿಟ್ಟುಕೊಂಡರೆ ಲೈನ್ ಹೋದರೂ ಟೆಸ್ಟ್ ಓಡುತ್ತದೆ.

ಮೊದಲು ಬರೆದ 12 ಮನೆಗಳೇ ಟೆಸ್ಟ್ ಕೋಷ್ಟಕದ 12 ಸಾಲು. ಪ್ರತಿ ಸಾಲಿಗೂ ಒಂದು `ಕಾನ್ಫಿಗ್` ಕಟ್ಟಬೇಕು: `ಸ್ಕೀಮಾ` ಮತ್ತು `ರಾ`. ಸ್ಕೀಮಾದಲ್ಲಿ `ಲಿಂಕ್`, `ಆ್ಯಪ್_ಕೀ` ಎರಡೇ ಸಾಕು. `ರಾ` ಕಟ್ಟಲು `ಟಿಎಫ್‌ಟೈಪ್ಸ್.ನ್ಯೂವ್ಯಾಲ್ಯೂ`, ನಲ್‌ಗೆ `ನಿಲ್`, ಅನ್‌ನೋನ್‌ಗೆ `ಟಿಎಫ್‌ಟೈಪ್ಸ್.ಅನ್‌ನೋನ್‌ವ್ಯಾಲ್ಯೂ`. ಆಬ್ಜೆಕ್ಟ್‌ನ ಟೈಪನ್ನು ಕೈಯಿಂದ ಬರೆಯಬೇಡಿ, ಸ್ಕೀಮಾದ `ಟೈಪ್` ಕರೆದು ಅದರ `ಟೆರಾಫಾರ್ಮ್‌ಟೈಪ್` ತೆಗೆದುಕೊಳ್ಳಿ. ಸ್ಕೀಮಾದಲ್ಲಿದ್ದು ಮ್ಯಾಪ್‌ನಲ್ಲಿ ಬಿಟ್ಟುಹೋದ ಒಂದು ಅಟ್ರಿಬ್ಯೂಟ್ ಇದ್ದರೂ `ನ್ಯೂವ್ಯಾಲ್ಯೂ` ಪ್ಯಾನಿಕ್ ಆಗುತ್ತದೆ. ನಲ್ ಬೇಕಾದರೂ ಕೀ ಬರೆದು ನಲ್ ಮೌಲ್ಯ ಕೊಡಬೇಕು.

ರಿಕ್ವೆಸ್ಟ್‌ನಲ್ಲಿ `ಪಾತ್` ತುಂಬಿ `ಪಾತ್‌ಎಕ್ಸ್‌ಪ್ರೆಶನ್` ಮರೆಯುವುದು ಎಲ್ಲರೂ ಮಾಡುವ ತಪ್ಪು. ಆಗ ರಿಲೇಟಿವ್ ಗುರಿಗೆ ಹಿಂದೆ ಹೋಗಲು ತಾಯಿಯೇ ಇರುವುದಿಲ್ಲ, ಟೆಸ್ಟ್ ಬೇರೆ ಯಾವುದೋ ದೋಷದಿಂದ ಬೀಳುತ್ತದೆ. ಇನ್ನೂ ಕೆಟ್ಟದ್ದು: ದೋಷ ನಿರೀಕ್ಷಿಸುವ ಸಾಲು ಆ ಬೇರೆ ದೋಷದಿಂದಲೇ ಪಾಸ್ ಆಗಿಬಿಡುತ್ತದೆ. ಆದ್ದರಿಂದ ದೋಷ ಇದೆಯೇ ಎಂದಷ್ಟೇ ನೋಡಬೇಡಿ. `ಎರರ್ಸ್‌ಕೌಂಟ್` 1 ಇದೆಯೇ, ಸಾರಾಂಶ ನಮ್ಮದೇ, ಪಾತ್ `ಲಿಂಕ್`ನದೇ ಎಂದು ಮೂರನ್ನೂ ನೋಡಿ.

12ರ ಮೇಲೆ ಸೇರಿಸಬೇಕಾದ ಸಾಲುಗಳು: ಡೀಫಾಲ್ಟ್ "ಲೋರಾ", ಷರತ್ತು ನಲ್, ಗುರಿ ನಲ್, ಇಲ್ಲಿ ದೋಷ ಬರಬೇಕು, ಎರಡು ಗುರಿಗಳಲ್ಲಿ ಮೊದಲನೆಯದು ಅನ್‌ನೋನ್, ಎರಡನೆಯದು ನಲ್, ಇಲ್ಲೂ ಬರಬೇಕು, ಕಾರವಾರದ ಎರಡು ಸಂವೇದಕಗಳ ಪಟ್ಟಿ, ಉಬ್ಬರದ್ದು ಎರಡನೆಯದು, ಅದಕ್ಕೆ ಡೇಟಮ್ ಇಲ್ಲ, ದೋಷದ ಪಾತ್‌ನಲ್ಲಿ ಕ್ರಮಸಂಖ್ಯೆ 1 ಇರಬೇಕು. ಪಟ್ಟಿಯ ಎಣಿಕೆ ಸೊನ್ನೆಯಿಂದ.

ಜೊತೆಗೆ ಪ್ರತಿ ರಿಸೋರ್ಸ್‌ನ ಸ್ಕೀಮಾಕ್ಕೆ `ವ್ಯಾಲಿಡೇಟ್‌ಇಂಪ್ಲಿಮೆಂಟೇಶನ್` ಕರೆಯುವ ಒಂದು ಪುಟ್ಟ ಟೆಸ್ಟ್ ಇಡಿ. ಕಂಪ್ಯೂಟೆಡ್ ಎಂದು ಗುರುತಿಸದೆ ಡೀಫಾಲ್ಟ್ ಕೊಟ್ಟಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

## ನಿಜವಾದ ಟೆರಾಫಾರ್ಮ್ ಜೊತೆ

ಯೂನಿಟ್ ಟೆಸ್ಟ್‌ನಲ್ಲಿ ವ್ಯಾಲಿಡೇಟರ್ ಸರಿ ಇದ್ದು ಸ್ಕೀಮಾಕ್ಕೆ ಹಚ್ಚುವುದನ್ನೇ ಮರೆತಿರಬಹುದು. ಅದನ್ನು ಹಿಡಿಯಲು ಪ್ಲಗಿನ್ ಟೆಸ್ಟಿಂಗ್ ಮಾಡ್ಯೂಲ್ ಬೇಕು. ಅದರ `ರಿಸೋರ್ಸ್.ಟೆಸ್ಟ್` ಓಡಲು `ಟಿಎಫ್_ಎಸಿಸಿ` ಪರಿಸರ ವೇರಿಯಬಲ್ ಇರಬೇಕು, `ರಿಸೋರ್ಸ್.ಯೂನಿಟ್‌ಟೆಸ್ಟ್`ಗೆ ಬೇಡ. ವ್ಯಾಲಿಡೇಶನ್‌ಗೆ ಎರಡನೆಯದೇ ಸರಿ. ಎರಡಕ್ಕೂ ಟೆರಾಫಾರ್ಮ್ ಬೈನರಿ ಬೇಕು, ಸಿಗದಿದ್ದರೆ ಇಳಿಸಿಕೊಳ್ಳಲು ನೋಡುತ್ತದೆ; `ಟಿಎಫ್_ಎಸಿಸಿ_ಟೆರಾಫಾರ್ಮ್_ಪಾತ್`ನಲ್ಲಿ ಜಾಗ ಹೇಳಿಬಿಟ್ಟರೆ ನೆಟ್‌ವರ್ಕ್ ಕಾಯುವುದು ತಪ್ಪುತ್ತದೆ.

ಮೂರು ಹೆಜ್ಜೆಯ ಟೆಸ್ಟ್ ಸಾಕು.

ಒಂದು, ತಪ್ಪು ಕಾನ್ಫಿಗರೇಶನ್ ಮತ್ತು `ಎಕ್ಸ್‌ಪೆಕ್ಟ್‌ಎರರ್`. ಇಲ್ಲಿ ರೆಜೆಕ್ಸ್ ಸರಿ ಇದ್ದೂ ಟೆಸ್ಟ್ ಬೀಳುವುದು ಸರ್ವೇಸಾಮಾನ್ಯ: ಟೆರಾಫಾರ್ಮ್ ವಿವರದ ಭಾಗವನ್ನು ಸಾಲಿನ ಅಗಲಕ್ಕೆ ಮುರಿದು ಮುದ್ರಿಸುತ್ತದೆ, ನೀವು ಸ್ಪೇಸ್ ಹುಡುಕುವ ಜಾಗದಲ್ಲಿ ಹೊಸ ಸಾಲು ಇರುತ್ತದೆ. ಸಾರಾಂಶ ಮುರಿಯುವುದಿಲ್ಲ, ಅದನ್ನೇ ಹುಡುಕಿ. ವಿವರವೇ ಬೇಕಿದ್ದರೆ ಪ್ರತಿ ಸ್ಪೇಸ್ ಜಾಗದಲ್ಲಿ ಬ್ಯಾಕ್‌ಸ್ಲ್ಯಾಶ್ ಎಸ್ ಪ್ಲಸ್ ಬರೆಯಿರಿ.

ಎರಡು, ಷರತ್ತು ಅನ್‌ನೋನ್ ಆಗಿರುವ ಕಾನ್ಫಿಗರೇಶನ್. ಟೆರಾಫಾರ್ಮ್ 1.4ರಿಂದ ಒಳಗೇ ಇರುವ `ಟೆರಾಫಾರ್ಮ್_ಡೇಟಾ` ರಿಸೋರ್ಸ್‌ನ `ಇನ್‌ಪುಟ್`ಗೆ "ಲೋರಾ" ಕೊಟ್ಟು, ಕೇಂದ್ರದ `ಲಿಂಕ್`ಗೆ ಅದರ `ಔಟ್‌ಪುಟ್` ಜೋಡಿಸಿ. ಸೃಷ್ಟಿಯಾಗುವ ತನಕ ಅದು ಅನ್‌ನೋನ್. `ಆ್ಯಪ್_ಕೀ` ಬರೆಯಬೇಡಿ. `ಪ್ಲ್ಯಾನ್‌ಓನ್ಲಿ` ಮತ್ತು `ಎಕ್ಸ್‌ಪೆಕ್ಟ್‌ನಾನ್‌ಎಂಪ್ಟಿಪ್ಲ್ಯಾನ್` ಎರಡೂ ಟ್ರೂ. ದೋಷವಿಲ್ಲದೆ ಪ್ಲ್ಯಾನ್ ಬರಬೇಕು.

ಮೂರು, ಅದೇ ಕಾನ್ಫಿಗರೇಶನ್, ಈ ಸಲ ಅಪ್ಲೈ, `ಎಕ್ಸ್‌ಪೆಕ್ಟ್‌ಎರರ್` ಸಹಿತ. ಔಟ್‌ಪುಟ್ ತಿಳಿದ ಮೇಲೆ ಟೆರಾಫಾರ್ಮ್ ಮತ್ತೆ ವ್ಯಾಲಿಡೇಟ್ ಮಾಡುವುದರಿಂದ ಇಲ್ಲಿ ದೋಷ ಬೀಳಲೇಬೇಕು.

ಪ್ರೊವೈಡರ್‌ನ ಸರ್ವರ್ ವಿಳಾಸಕ್ಕೆ `ಎಚ್‌ಟಿಟಿಪಿಟೆಸ್ಟ್` ಸರ್ವರ್ ಕೊಡಿ, ಯಾವ ಕರೆ ಬಂದರೂ `ಟಿ.ಎರರ್‌ಎಫ್` ಆಗುವ ಹ್ಯಾಂಡ್ಲರ್ ಇಡಿ. ಮೂರು ಹೆಜ್ಜೆಯಲ್ಲೂ ಸರ್ವರ್‌ಗೆ ಒಂದೂ ಕರೆ ಹೋಗಬಾರದು. ಹ್ಯಾಂಡ್ಲರ್ ಬೇರೆ ಗೊರೂಟೀನ್‌ನಲ್ಲಿ ಓಡುವುದರಿಂದ ಅಲ್ಲಿ `ಟಿ.ಫೇಟಲ್` ಬಳಸಬೇಡಿ.

## ಈಗಾಗಲೇ ಬಳಕೆಯಲ್ಲಿರುವ ಪ್ರೊವೈಡರ್‌ಗೆ ಸೇರಿಸುವಾಗ

ಹೊಸ ನಿಯಮ ಹಳೆಯ ಬಳಕೆದಾರರ ಪಾಲಿಗೆ ಒಡೆಯುವ ಬದಲಾವಣೆ. ನಿನ್ನೆ ತನಕ ಸರ್ವರ್ ಒಪ್ಪಿಕೊಂಡಿದ್ದ ಕಾನ್ಫಿಗರೇಶನ್ ಇಂದು ಪ್ಲ್ಯಾನ್ ಆಗುವುದಿಲ್ಲ. ಸರ್ವರ್ ಹೇಗೂ ತಿರಸ್ಕರಿಸುತ್ತಿದ್ದದ್ದಾದರೆ ನೇರವಾಗಿ ದೋಷ ಮಾಡಿ, ಯಾರಿಗೂ ನಷ್ಟವಿಲ್ಲ. ಸರ್ವರ್ ಸುಮ್ಮನೆ ನುಂಗುತ್ತಿದ್ದದ್ದಾದರೆ ಮೊದಲ ಬಿಡುಗಡೆಯಲ್ಲಿ `ಆ್ಯಡ್‌ಅಟ್ರಿಬ್ಯೂಟ್‌ವಾರ್ನಿಂಗ್` ಹಾಕಿ, ಯಾವ ಆವೃತ್ತಿಯಿಂದ ದೋಷವಾಗುತ್ತದೆ ಎಂದು ಅದರಲ್ಲೇ ಬರೆಯಿರಿ, ಮುಂದಿನ ಮುಖ್ಯ ಆವೃತ್ತಿಯಲ್ಲಿ ದೋಷಕ್ಕೆ ಏರಿಸಿ. ಮಳೆಗಾಲದ ನಡುವೆ ಏರಿಸಬೇಡಿ. ಕೇಂದ್ರ ಕೆಟ್ಟು ತುರ್ತಾಗಿ ಬದಲಿಸಬೇಕಾಗುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ.

"ಶಿರಸಿ, ಸಿದ್ದಾಪುರ ತಾಲ್ಲೂಕಿನ ಕೇಂದ್ರವೆಲ್ಲ ಲೋರಾ ಆಗಿರಲಿ" ಎಂಬಂಥದ್ದು ಉಪಕರಣದ ನಿಯಮವಲ್ಲ, ಬಳಸುವವರ ತೀರ್ಮಾನ. ಅದನ್ನು ಪ್ರೊವೈಡರ್‌ಗೆ ತುರುಕದೆ ಮಾಡ್ಯೂಲ್‌ನ ವೇರಿಯಬಲ್ ವ್ಯಾಲಿಡೇಶನ್‌ನಲ್ಲಿ ಬರೆಯಲಿ. ಟೆರಾಫಾರ್ಮ್ 1.9ರಿಂದ ಒಂದು ವೇರಿಯಬಲ್‌ನ ಷರತ್ತಿನಲ್ಲಿ ಇನ್ನೊಂದು ವೇರಿಯಬಲ್ ಹೆಸರಿಸಬಹುದು, ತಾಲ್ಲೂಕು ನೋಡಿ ಲಿಂಕ್ ತಡೆಯಲು ಅಷ್ಟು ಸಾಕು.